ಹಿರಿಯರ ಕೈ ನಡುಗಿದಾಗ: ಮಡಿಕೆ ತಪ್ಪಿದ ಪ್ರೋಟೀನು ಮತ್ತು ಗಣಕಯಂತ್ರದ ಲೆಕ್ಕ

ಹೂಮಳೆ ಬಿದ್ದು ಒಂದು ವಾರ ಹತ್ತು ದಿನಗಳಾಗುತ್ತಲೇ ಕೊಡಗಿನ ಕಾಫಿ ತೋಟಗಳು ಬೆಳ್ಳಗೆ ಅರಳುತ್ತವೆ. ಆ ಹೂವಿನ ಪರಿಮಳ ಮನೆಯ ಒಳಕೋಣೆಯವರೆಗೂ ಹರಡುತ್ತದೆ. ಅಂತಹ ದಿನಗಳಲ್ಲಿ ನಿಮ್ಮ ಮನೆಯ ಹಿರಿಯರೊಬ್ಬರು "ಈ ವರ್ಷ ಹೂವಿಗೆ ವಾಸನೆಯೇ ಇಲ್ಲವಲ್ಲ" ಎಂದರೆ ನೀವು ನಕ್ಕು ಸುಮ್ಮನಾಗಬಹುದು. ಕೆಲವು ವರ್ಷಗಳು ಕಳೆದ ಮೇಲೆ ಅವರು ಚೆಕ್‌ರೋಲ್ ಪುಸ್ತಕದಲ್ಲಿ ಬರೆಯುವ ಅಕ್ಷರಗಳು ಸಾಲಿನ ಕೊನೆಗೆ ಬರುಬರುತ್ತ ಸಣ್ಣದಾಗುತ್ತವೆ. ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಜಗುಲಿಯಲ್ಲಿ ಸುಮ್ಮನೆ ಕುಳಿತಿರುವಾಗ ತೊಡೆಯ ಮೇಲಿಟ್ಟ ಕೈಯ ಬೆರಳುಗಳು ಗುಳಿಗೆ ಉರುಳಿಸುವಂತೆ ನಡುಗುತ್ತವೆ. ಕಾಫಿಯ ಲೋಟಕ್ಕೆ ಕೈ ಚಾಚಿದೊಡನೆ ಆ ನಡುಕ ತಗ್ಗುತ್ತದೆ. ಮುಖದಲ್ಲಿ ನಗೆ ಕಡಿಮೆಯಾಗಿ, ಮಾತಿನ ದನಿ ಇಳಿಯುತ್ತದೆ.

ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣಗಳಿರಬಹುದು. ನೆಗಡಿಯಿಂದಲೂ ವಾಸನೆ ತಿಳಿಯದೆ ಹೋಗಬಹುದು. ಆದರೆ ಇವು ಒಟ್ಟಾಗಿ ಕಾಣಿಸಿಕೊಂಡಾಗ ಅವು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಾಗಿರುವ ಸಂಭವವುಂಟು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರವಾಗಿ ವರ್ಣಿಸಿದುದರಿಂದ ಅವರ ಹೆಸರೇ ಇದಕ್ಕೆ ಬಂದಿದೆ. ನಮ್ಮ ಆಯುರ್ವೇದದಲ್ಲಿ ಇದನ್ನು ಹೋಲುವ ವ್ಯಾಧಿಯನ್ನು ಕಂಪವಾತವೆಂದು ಕರೆಯುತ್ತಾರೆ.

ಮನೆಯವರು ಮಾತ್ರ ಅನೇಕ ವೇಳೆ ಇದಕ್ಕೆ ಬೇರೆಯೇ ಹೆಸರುಗಳನ್ನು ಇಡುತ್ತಾರೆ. ಮುಖದಲ್ಲಿ ನಗೆಯಿಲ್ಲದುದನ್ನು ಕೋಪವೆಂದೂ, ನಿಧಾನವನ್ನು ಸೋಮಾರಿತನವೆಂದೂ, ನಡುಕವನ್ನು ಕುಡಿತದ ಫಲವೆಂದೂ ಭಾವಿಸುತ್ತಾರೆ. ದೈವದ ಮುನಿಸೆಂದು ಹರಕೆ ಹೊರುವವರೂ ಇದ್ದಾರೆ. "ಅಂತಹ ಮನೆಯಿಂದ ಹೆಣ್ಣು ತರಬಾರದು" ಎಂದು ಹಿಂಜರಿಯುವವರೂ ಇದ್ದಾರೆ. ಈ ಎಣಿಕೆಗಳು ಏಕೆ ತಪ್ಪು ಎಂಬುದನ್ನು ತಿಳಿಯಬೇಕಾದರೆ ಮೆದುಳಿನ ಜೀವಕೋಶದೊಳಗೆ ನಡೆಯುವ ಒಂದು ಸೂಕ್ಷ್ಮ ವ್ಯಾಪಾರವನ್ನು ಅರಿತುಕೊಳ್ಳಬೇಕು.

ಪ್ರೋಟೀನಿನ ಮಡಿಕೆ ಎಂದರೇನು?

ಪ್ರೋಟೀನು ಅಥವಾ ಸಸಾರಜನಕವೆಂದರೆ ಬೇಳೆ, ಮೊಟ್ಟೆ, ಮಾಂಸಗಳಲ್ಲಿರುವ ಪೋಷಕಾಂಶವೆಂದು ನೀವು ಬಲ್ಲಿರಿ. ನಮ್ಮ ದೇಹದೊಳಗೆ ಅದೇ ಪ್ರೋಟೀನು ಸಾವಿರಾರು ಬಗೆಯ ಕೆಲಸಗಾರನೂ ಆಗಿದೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು, ಆಹಾರವನ್ನು ಜೀರ್ಣಿಸುವುದು, ರೋಗಾಣುಗಳನ್ನು ಹಿಡಿಯುವುದು ಎಲ್ಲವೂ ಪ್ರೋಟೀನುಗಳ ಕೆಲಸ. ಪ್ರತಿಯೊಂದು ಪ್ರೋಟೀನೂ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರದಂತಿದೆ. ಇಪ್ಪತ್ತು ಬಗೆಯ ಮಣಿಗಳಿಂದಲೇ ಈ ಸರಗಳೆಲ್ಲ ಆಗಿವೆ.

ಸರವು ಸರವಾಗಿಯೇ ಉಳಿದರೆ ಬಹುಪಾಲು ಪ್ರೋಟೀನುಗಳಿಗೆ ಕೆಲಸ ಮಾಡಲಾಗದು. ಅದು ಒಂದು ನಿಶ್ಚಿತ ರೀತಿಯಲ್ಲಿ ಮಡಿಚಿಕೊಂಡು ನಿಶ್ಚಿತ ಆಕಾರವನ್ನು ತಾಳಬೇಕು. ಬೀಗಕ್ಕೆ ತಕ್ಕ ಬೀಗದ ಕೈಯಂತೆ, ಆ ಆಕಾರದಿಂದಲೇ ಅದರ ಕೆಲಸ ಸಾಗುತ್ತದೆ. ಮಣಿಗಳ ಕ್ರಮದಲ್ಲಿಯೇ ಮಡಿಕೆಯ ಗುಟ್ಟು ಅಡಗಿದೆ ಎಂಬುದನ್ನು ತೋರಿಸಿಕೊಟ್ಟ ಅಮೆರಿಕೆಯ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಅವರಿಗೆ 1972ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ವಿದ್ಯೆಗೆ ನಮ್ಮ ದೇಶದ ಕೊಡುಗೆ ಚಿಕ್ಕದಲ್ಲ. ಪ್ರೋಟೀನಿನ ಸರವು ಪ್ರತಿಯೊಂದು ಮಣಿಯ ಬಳಿಯಲ್ಲಿಯೂ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವ ಕೋನಗಳಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂಬುದನ್ನು ಒಂದು ನಕ್ಷೆಯ ರೂಪದಲ್ಲಿ 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳಾದ ರಾಮಕೃಷ್ಣನ್, ಶಶಿಶೇಖರನ್ ಅವರು ಪ್ರಕಟಿಸಿದರು. ರಾಮಚಂದ್ರನ್ ನಕ್ಷೆಯೆಂದು ಪ್ರಸಿದ್ಧವಾದ ಅದನ್ನು ಇಂದಿಗೂ ಜಗತ್ತಿನ ಪ್ರೋಟೀನು ವಿಜ್ಞಾನಿಗಳು ಬಳಸುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, 1971ರಲ್ಲಿ ಅಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಪ್ರೋಟೀನಿನ ತಿರುವುಗಳನ್ನು ಲೋಕಕ್ಕೆ ತಿಳಿಸಿದ ಆ ಮಹನೀಯರು ತಮ್ಮ ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದಲೇ ಬಳಲಿ 2001ರಲ್ಲಿ ತೀರಿಕೊಂಡರು. ಈ ಕಾಯಿಲೆ ಸೋಮಾರಿಗಳಿಗೆ ಬರುವುದೆನ್ನುವವರು ಇದನ್ನು ನೆನೆಯಬೇಕು.

ಆಕಾರವಿಲ್ಲದ ಪ್ರೋಟೀನು

ಎಲ್ಲ ಪ್ರೋಟೀನುಗಳಿಗೂ ನಿಶ್ಚಿತ ಆಕಾರವಿಲ್ಲವೆಂಬುದು ವಿಜ್ಞಾನಿಗಳಿಗೆ ತಡವಾಗಿ ಮನದಟ್ಟಾಯಿತು. ಕೆಲವು ಸರಗಳು ಕ್ಷಣಕ್ಕೊಂದು ರೂಪ ತಾಳುತ್ತ, ಸಡಿಲವಾಗಿಯೇ ಇದ್ದು ತಮ್ಮ ಕೆಲಸ ಮಾಡುತ್ತವೆ. ಇದು ದೋಷವಲ್ಲ, ಅವುಗಳ ಸ್ವಭಾವವೇ ಹಾಗೆ.

ನಿಮ್ಮ ತೋಟದ ಒಳ್ಳೆಮೆಣಸಿನ ಬಳ್ಳಿಯನ್ನು ನೋಡಿ. ಬಳ್ಳಿಗೆ ತನ್ನದೇ ಆದ ಆಕಾರವಿಲ್ಲ. ನೆರಳು ಮರವು ಸಿಕ್ಕಿದರೆ ಅದನ್ನು ತಬ್ಬಿ ನೇರವಾಗಿ ಏರುತ್ತದೆ, ಫಲ ಕೊಡುತ್ತದೆ. ಮರದ ಆಸರೆ ತಪ್ಪಿದ ಬಳ್ಳಿಗಳು ನೆಲದ ಮೇಲೆ ಹರಡಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಇಂತಹ ಒಂದು ಬಳ್ಳಿ. 140 ಅಮೈನೋ ಆಮ್ಲಗಳ ಈ ಸರವು ನರಕೋಶಗಳ ತುದಿಯಲ್ಲಿ ಹೇರಳವಾಗಿದೆ. ಅಲ್ಲಿನ ಕೋಶಪೊರೆ ಆಸರೆಯಾಗಿ ದೊರೆತಾಗ ಸುರುಳಿಯಾಗಿ ಅದಕ್ಕೆ ಅಂಟಿಕೊಂಡು, ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ಕೆಲಸದಲ್ಲಿ ನೆರವಾಗುತ್ತದೆ. ಆಸರೆಯಿಲ್ಲದೆ ಬಿಡಿಯಾಗಿರುವಾಗ ಸಡಿಲವಾಗಿ ಅಲೆದಾಡುತ್ತದೆ.

ಈ ಸರದ ನಡುಭಾಗವು ಅಂಟು ಸ್ವಭಾವದ್ದು. ಯಾವುದೋ ಕಾರಣದಿಂದ ಎರಡು ಮೂರು ಸರಗಳ ನಡುಭಾಗಗಳು ಒಂದಕ್ಕೊಂದು ತಗುಲಿ, ಹಾಳೆಯ ಮೇಲೆ ಹಾಳೆ ಇಟ್ಟಂತೆ ಜೋಡಣೆಗೊಂಡರೆ ಅದೇ ತಪ್ಪು ಮಡಿಕೆಯ ಆರಂಭ. ಇಂತಹ ಒಂದು ಗಂಟು ಹುಟ್ಟುವುದೇ ಕಷ್ಟ. ಒಮ್ಮೆ ಹುಟ್ಟಿದರೆ, ಹಾಲಿಗೆ ಹಾಕಿದ ಒಂದು ಚಮಚ ಹೆಪ್ಪಿನಂತೆ, ಅದು ಸುತ್ತಲಿನ ಒಳ್ಳೆಯ ಸರಗಳನ್ನೂ ತನ್ನ ರೂಪಕ್ಕೆ ಎಳೆದುಕೊಳ್ಳುತ್ತದೆ. ಕ್ರಮೇಣ ಉದ್ದನೆಯ ಎಳೆಗಳಾಗಿ, ಎಳೆಗಳು ಮುದ್ದೆಗಳಾಗುತ್ತವೆ. ಜರ್ಮನಿಯ ವೈದ್ಯ ಫ್ರೆಡ್ರಿಕ್ ಲೆವಿ ಅವರು 1912ರಲ್ಲಿಯೇ ರೋಗಿಗಳ ಮೆದುಳಿನಲ್ಲಿ ಈ ಮುದ್ದೆಗಳನ್ನು ಸೂಕ್ಷ್ಮದರ್ಶಕದಿಂದ ಕಂಡಿದ್ದರು. ಅವು ಮುಖ್ಯವಾಗಿ ಆಲ್ಫಾ ಸೈನ್ಯೂಕ್ಲೀನಿನಿಂದ ಆದವೆಂಬುದು ತಿಳಿದದ್ದು 1997ರಲ್ಲಿ. ಅದೇ ವರ್ಷ ಇಟಲಿ ಮತ್ತು ಗ್ರೀಸ್ ಮೂಲದ ಕೆಲವು ಕುಟುಂಬಗಳಲ್ಲಿ ಈ ಸರದ 53ನೆಯ ಮಣಿಯೊಂದು ಬದಲಾದುದರಿಂದಲೇ ಕಾಯಿಲೆ ವಂಶದಲ್ಲಿ ಹರಿದುಬಂದಿರುವುದೂ ಗೊತ್ತಾಯಿತು.

ಈ ಗಂಟುಗಳ ಹಾವಳಿಗೆ ಹೆಚ್ಚು ತುತ್ತಾಗುವವು ಮೆದುಳಿನ ಬುಡದಲ್ಲಿರುವ ಡೋಪಮೀನ್ ತಯಾರಿಸುವ ಕೋಶಗಳು. ಕೈಕಾಲುಗಳ ಚಲನೆ ಸರಾಗವಾಗಿ ನಡೆಯಲು ಡೋಪಮೀನ್ ಬೇಕು. ಆ ಕೋಶಗಳಲ್ಲಿ ಗಣನೀಯ ಭಾಗ ನಾಶವಾದ ಬಳಿಕವೇ ನಡುಕ, ಸೆಡೆತ, ನಿಧಾನಗತಿಗಳು ಕಾಣಿಸಿಕೊಳ್ಳುತ್ತವೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು ಇವು ಅದಕ್ಕೂ ಎಷ್ಟೋ ವರ್ಷ ಮೊದಲೇ ಬರುವುದುಂಟು.

ಗಣಕಯಂತ್ರವೇಕೆ ಬೇಕಾಯಿತು?

ಮುದ್ದೆಯಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಆದರೆ ಔಷಧ ಬೇಕಾಗಿರುವುದು ಮುದ್ದೆಯಾಗುವುದಕ್ಕೆ ಮುಂಚೆ, ಮೊದಲ ಎರಡು ಮೂರು ಸರಗಳು ಕೈಹಿಡಿಯುವ ಗಳಿಗೆಯಲ್ಲಿ. ಕ್ಷಣಕ್ಕೊಂದು ರೂಪ ತಾಳುವ ಸರದ ಚಿತ್ರವನ್ನು ಯಾವ ಕ್ಯಾಮರಾವೂ ಹಿಡಿದುಕೊಡಲಾರದು. ಆದುದರಿಂದ ವಿಜ್ಞಾನಿಗಳು ಗಣಕಯಂತ್ರದೊಳಗೆ ಅದರ ಅನುಕರಣೆಯನ್ನು ನಡೆಸುತ್ತಾರೆ.

ಮಳೆಯ ಮುನ್ಸೂಚನೆಯನ್ನು ನೀವು ಪ್ರತಿದಿನ ಕೇಳುತ್ತೀರಿ. ಇಂದಿನ ಗಾಳಿ, ತೇವ, ಉಷ್ಣತೆಗಳನ್ನು ಗಣಕಯಂತ್ರಕ್ಕೆ ಊಡಿ, ಪ್ರಕೃತಿಯ ನಿಯಮಗಳ ಪ್ರಕಾರ ಮುಂದಿನ ಕೆಲವು ನಿಮಿಷಗಳಲ್ಲಿ ಅವು ಹೇಗಾಗುವುವೆಂದು ಲೆಕ್ಕಹಾಕುತ್ತಾರೆ. ಆ ಫಲದಿಂದ ಮತ್ತೆ ಮುಂದಿನ ನಿಮಿಷಗಳು. ಹೀಗೆ ಹೆಜ್ಜೆ ಹೆಜ್ಜೆಯಾಗಿ ನಾಳೆಯನ್ನು ತಲುಪುತ್ತಾರೆ. ಪ್ರೋಟೀನಿನ ಅನುಕರಣೆಯ ಕ್ರಮವೂ ಇದೇ. ಆಲ್ಫಾ ಸೈನ್ಯೂಕ್ಲೀನಿನ ಒಂದು ಸರದಲ್ಲಿ ಸುಮಾರು 2,000 ಪರಮಾಣುಗಳಿವೆ. ಸುತ್ತಲಿನ ನೀರನ್ನೂ ಸೇರಿಸಿದರೆ ಲೆಕ್ಕ ಲಕ್ಷಗಳಿಗೆ ಏರುತ್ತದೆ. ಪ್ರತಿಯೊಂದು ಪರಮಾಣುವನ್ನೂ ಉಳಿದವು ಎಷ್ಟು ಸೆಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಗುಣಿಸಿ, ಅದು ಎತ್ತ ಸರಿಯುವುದೆಂದು ಕಂಡುಕೊಂಡು, ಎಲ್ಲವನ್ನೂ ಒಂದು ಚೂರು ಸರಿಸಿ, ಮತ್ತೆ ಮೊದಲಿನಿಂದ ಲೆಕ್ಕಹಾಕಬೇಕು.

ಇಲ್ಲಿ ಒಂದು ಹೆಜ್ಜೆಯೆಂದರೆ ಒಂದು ಸೆಕೆಂಡನ್ನು ಐದು ಕೋಟಿ ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಪಾಲು ಮಾತ್ರ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಚಲನೆಯನ್ನು ನೋಡಬೇಕಾದರೂ 50 ಕೋಟಿ ಹೆಜ್ಜೆಗಳ ಲೆಕ್ಕ ಬೇಕು. 1977ರಲ್ಲಿ ಮ್ಯಾಕ್‌ಕ್ಯಾಮನ್, ಗೆಲಿನ್ ಮತ್ತು ಕಾರ್ಪ್ಲಸ್ ಅವರು ಮೊದಲ ಬಾರಿಗೆ ಒಂದು ಪುಟ್ಟ ಪ್ರೋಟೀನಿನ ಚಲನೆಯನ್ನು ಹೀಗೆ ಅನುಕರಿಸಿದಾಗ, ಅವರಿಗೆ ಸಾಧ್ಯವಾದದ್ದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಹತ್ತು ಭಾಗಕ್ಕೂ ಕಡಿಮೆ ಅವಧಿ. ಅಣುಗಳ ನಡವಳಿಕೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ವಿಧಾನಗಳಿಗೆ ಅಡಿಪಾಯ ಹಾಕಿದುದಕ್ಕಾಗಿ ಕಾರ್ಪ್ಲಸ್, ಲೆವಿಟ್ ಮತ್ತು ವಾರ್ಷೆಲ್ ಅವರಿಗೆ 2013ರಲ್ಲಿ ನೊಬೆಲ್ ಬಂದಿತು. ಇಂದು ಗಣಕಗಳ ಬಲ ಬೆಳೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಮಹಾಗಣಕವು ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕಗಳನ್ನು ಮಾಡಬಲ್ಲುದು.

ಲೆಕ್ಕದಿಂದ ತಿಳಿದದ್ದೇನು?

ಮೊದಲನೆಯದಾಗಿ, ಆಲ್ಫಾ ಸೈನ್ಯೂಕ್ಲೀನ್ ತನ್ನನ್ನು ತಾನೇ ಕಾಪಾಡಿಕೊಳ್ಳುವ ಬಗೆ. 2005ರಲ್ಲಿ ಪ್ರಯೋಗದ ಅಳತೆಗಳನ್ನೂ ಗಣಕ ಅನುಕರಣೆಯನ್ನೂ ಜೋಡಿಸಿ ನೋಡಿದಾಗ, ಸರದ ಬಾಲದ ಭಾಗವು ಆಗಾಗ ಮಡಿಚಿ ಬಂದು ಅಂಟು ಸ್ವಭಾವದ ನಡುಭಾಗದ ಬಳಿ ಸೇರುವುದು ಕಂಡುಬಂದಿತು. ಈ ಮರೆ ತಪ್ಪಿದಾಗ ನಡುಭಾಗವು ಹೊರಗೆ ತೆರೆದುಕೊಂಡು ಇನ್ನೊಂದು ಸರಕ್ಕೆ ಅಂಟಲು ಅನುವಾಗುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಎರಡನೆಯದಾಗಿ, ಔಷಧದ ದಾರಿ. ಆಕಾರವಿದ್ದ ಪ್ರೋಟೀನಿಗಾದರೆ ಅದರ ಸಂದಿಗೆ ಹೊಂದುವ ಔಷಧವನ್ನು ಹುಡುಕಬಹುದು. ಆಕಾರವೇ ಇಲ್ಲದಿದ್ದರೆ ಸಂದಿಯೆಲ್ಲಿ? ಫಸುಡಿಲ್ ಎಂಬ ಪುಟ್ಟ ಅಣುವು ಈ ಸಡಿಲ ಸರದ ಮೇಲೆ ಒಂದೆಡೆ ನಿಲ್ಲದೆ ಅಲ್ಲಿಂದಿಲ್ಲಿಗೆ ಸರಿಯುತ್ತಲೇ ಅದಕ್ಕೆ ತಗುಲಿಕೊಂಡಿರುವುದನ್ನು ಅನುಕರಣೆಗಳು ತೋರಿಸಿವೆ. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿಯೂ ಈ ಬಗೆಯ ಲೆಕ್ಕಗಳು ನಡೆದಿವೆ. ಪ್ರಯೋಗಾಲಯದಲ್ಲಿಯೂ ನಮ್ಮವರು ಹಿಂದೆ ಬಿದ್ದಿಲ್ಲ. ಆಲ್ಫಾ ಸೈನ್ಯೂಕ್ಲೀನ್ ಮೊದಲು ಎಣ್ಣೆಯ ಹನಿಗಳಂತೆ ಒಟ್ಟುಗೂಡಿ, ಆ ಹನಿಗಳೇ ಕ್ರಮೇಣ ಗಟ್ಟಿಯಾಗಿ ಎಳೆಗಳಾಗಬಲ್ಲವು ಎಂಬುದನ್ನು 2020ರಲ್ಲಿ ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು.

ಈ ಲೆಕ್ಕಗಳ ಮಿತಿಯನ್ನೂ ತಿಳಿದಿರಬೇಕು. ಕಾಯಿಲೆ ಬೆಳೆಯಲು ದಶಕಗಳು ಬೇಕು. ಗಣಕವು ತೋರಿಸುವುದು ಸೆಕೆಂಡಿನ ಅತ್ಯಲ್ಪ ಭಾಗವನ್ನು. ಮೊದಮೊದಲು ಬಳಸಿದ ಸೂತ್ರಗಳು ಆಕಾರವಿರುವ ಪ್ರೋಟೀನುಗಳಿಗಾಗಿ ರಚಿತವಾದವು. ಅವು ಸಡಿಲ ಸರಗಳನ್ನು ಇರುವುದಕ್ಕಿಂತ ಹೆಚ್ಚು ಮುದುಡಿಸಿ ತೋರಿಸುತ್ತಿದ್ದವು. ಅವನ್ನು ತಿದ್ದಬೇಕಾಯಿತು. ಮುನ್ಸೂಚನೆ ನಿಜವಾಯಿತೇ ಎಂದು ನೀವು ಮಳೆಮಾಪಕದ ಇಂಚು-ಸೆಂಟ್ ನೋಡಿ ತಿಳಿಯುವಂತೆ, ಗಣಕದ ಲೆಕ್ಕವನ್ನು ಪ್ರಯೋಗದ ಅಳತೆಗೆ ಹೋಲಿಸಿ ನೋಡಲೇಬೇಕು. ಪ್ರೋಟೀನುಗಳ ಆಕಾರವನ್ನು ಮುನ್ನುಡಿಯುವ ಆಲ್ಫಾಫೋಲ್ಡ್ ಎಂಬ ಗಣಕ ವಿಧಾನಕ್ಕೆ 2024ರಲ್ಲಿ ನೊಬೆಲ್ ಬಂದಿದೆಯಾದರೂ, ನಿಶ್ಚಿತ ಆಕಾರವೇ ಇಲ್ಲದ ಸರಗಳ ವಿಷಯದಲ್ಲಿ ಅದೂ ಭರವಸೆಯಿಂದ ಹೇಳಲಾರದು. ತಪ್ಪು ಮಡಿಕೆಯನ್ನು ನಿಲ್ಲಿಸಿ ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಯಾರಾದರೂ ಬಂದಿದೆಯೆಂದು ಹೇಳಿ ಹಣ ಕೇಳಿದರೆ ನಂಬಬೇಡಿ.

ತೋಟಗಾರರು ಗಮನಿಸಬೇಕಾದುದು

ಗಂಟು ಏಕೆ ಹುಟ್ಟುತ್ತದೆ? ವಯಸ್ಸು ಮುಖ್ಯ ಕಾರಣ. ಅದರೊಂದಿಗೆ ಪರಿಸರದ ಪಾಲೂ ಇದೆ. ಕೆಲವು ಪೀಡೆನಾಶಕಗಳನ್ನು ಆಲ್ಫಾ ಸೈನ್ಯೂಕ್ಲೀನಿನೊಡನೆ ಬೆರೆಸಿದಾಗ ಅದು ಬೇಗ ಎಳೆಗಟ್ಟುವುದನ್ನು 2001ರಲ್ಲಿ ಪ್ರಯೋಗನಾಳಿಕೆಯಲ್ಲಿ ಕಂಡರು. ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನಾಗಲಿ ರೋಟೆನೋನ್ ಎಂಬ ಕೀಟನಾಶಕವನ್ನಾಗಲಿ ಬಳಸಿದವರಲ್ಲಿ ಈ ಕಾಯಿಲೆಯ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತೆಂದು 2011ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಅಧ್ಯಯನ ತಿಳಿಸಿತು. ಔಷಧಿ ಹೊಡೆದವರಿಗೆಲ್ಲ ಕಾಯಿಲೆ ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಬರಿಗೈಯಲ್ಲಿ ವಿಷ ಕಲಸುವುದನ್ನೂ, ಗಾಳಿಗೆ ಎದುರಾಗಿ ಸಿಂಪಡಿಸುವುದನ್ನೂ, ಖಾಲಿ ಡಬ್ಬಗಳಲ್ಲಿ ನೀರು ತುಂಬಿಡುವುದನ್ನೂ ಬಿಡಲು ಇಷ್ಟು ಕಾರಣ ಸಾಕು. ನಿಮ್ಮ ತೋಟದಲ್ಲಿ ಸಿಂಪಡಣೆ ಮಾಡುವ ಕೆಲಸಗಾರನಿಗೆ ಕೈಚೀಲ, ಮುಖಕವಚ, ಉದ್ದ ತೋಳಿನ ಅಂಗಿ ಮತ್ತು ಕೆಲಸ ಮುಗಿದೊಡನೆ ಮೀಯಲು ಸಾಬೂನು ನೀರು ಒದಗಿಸುವುದು ನಿಮ್ಮ ಕರ್ತವ್ಯ. ಸಾಧ್ಯವಿರುವೆಡೆ ಕಳೆಯನ್ನು ಕತ್ತಿಯಿಂದ ಸವರುವ ಹಳೆಯ ಪದ್ಧತಿಯೇ ಲೇಸು.

ಕಾಫಿ ಬೆಳೆಯುವ ನಾಡಿಗೆ ಒಂದು ಸಂತೋಷದ ಸಂಗತಿಯೂ ಇದೆ. ಹವಾಯಿ ದ್ವೀಪಗಳಲ್ಲಿ ಜಪಾನೀ ಮೂಲದ ಸುಮಾರು 8,000 ಗಂಡಸರನ್ನು ಮೂವತ್ತು ವರ್ಷಗಳ ಕಾಲ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿ ಕುಡಿಯುವವರಲ್ಲಿ ಈ ಕಾಯಿಲೆ ಕಡಿಮೆಯಾಗಿ ಕಂಡುಬಂದಿತು. ಹಾಗೆಂದು ಕಾಫಿಯನ್ನು ಔಷಧವೆಂದು ತಿಳಿಯಬಾರದು. ಕಾಯಿಲೆ ಬಂದ ಮೇಲೆ ಅದು ಚಿಕಿತ್ಸೆಯಾಗದು.

ಇಂದು ದೊರೆಯುವ ಚಿಕಿತ್ಸೆ

ಕಾಯಿಲೆಯನ್ನು ನಿಲ್ಲಿಸಲಾಗದಿದ್ದರೂ ಅದರ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸುವ ಔಷಧವಿದೆ. 1960ರ ದಶಕದಿಂದ ಬಳಕೆಯಲ್ಲಿರುವ ಲೆವೊಡೋಪ ಎಂಬ ಮಾತ್ರೆಯು ಮೆದುಳಿನಲ್ಲಿ ಡೋಪಮೀನ್ ಆಗಿ ಬದಲಾಗಿ ಕೊರತೆಯನ್ನು ತುಂಬುತ್ತದೆ. ಕುರ್ಚಿಯಿಂದ ಏಳಲಾಗದಿದ್ದವರು ಇದರಿಂದ ಎದ್ದು ನಡೆದಾಡಿದ ನಿದರ್ಶನಗಳು ಬಹಳ. ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿಯೂ ಇದೇ ವಸ್ತುವಿದೆ. 1937ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿದ್ದರು. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬೇರೆ. ಮಾತ್ರೆಯ ಜೊತೆಗೆ ಬೀಜದ ಪುಡಿಯನ್ನೂ ಸೇವಿಸಿದರೆ ಪ್ರಮಾಣ ಮೀರಿ ಅಪಾಯವಾಗಬಹುದು. ಆದುದರಿಂದ ವೈದ್ಯರಿಗೆ ತಿಳಿಸದೆ ಅದನ್ನು ಕೊಡಕೂಡದು.

ಮನೆಯವರ ಹೊಣೆ

ನಡುಕ ಕಂಡೊಡನೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಗೆ, ಅಗತ್ಯವಾದರೆ ಮೈಸೂರಿನ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರಲ್ಲಿಗೆ ಕಳುಹಿಸುವರು. ನಡುಕವೆಲ್ಲ ಪಾರ್ಕಿನ್ಸನ್ ಅಲ್ಲ. ಲೋಟ ಎತ್ತುವಾಗಲೇ ಹೆಚ್ಚುವ ನಡುಕ ಬೇರೆ ಬಗೆಯದು. ವಾಂತಿಗೆ ಅಥವಾ ಮನೋವ್ಯಾಧಿಗೆ ಕೊಡುವ ಕೆಲವು ಔಷಧಗಳಿಂದಲೂ ಇಂತಹ ನಡುಕ ಬರಬಹುದು. ಆದುದರಿಂದ ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತೋರಿಸಿ.

ಮಾತ್ರೆಗಳನ್ನು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಿ. ಎಂದೂ ಹಠಾತ್ತನೆ ನಿಲ್ಲಿಸಬೇಡಿ. ಮಾಂಸ, ಮೊಟ್ಟೆ, ಬೇಳೆಗಳ ಊಟವು ಲೆವೊಡೋಪದ ಹೀರಿಕೆಗೆ ಅಡ್ಡಿಯಾಗುವುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಕೊಡುವಂತೆ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಹಾಗೆಂದು ಪೌಷ್ಟಿಕ ಆಹಾರವನ್ನು ತಪ್ಪಿಸಬಾರದು. ದಿನವೂ ನಡಿಗೆ, ವ್ಯಾಯಾಮ ಇರಲಿ. ಮಳೆಗಾಲದಲ್ಲಿ ಪಾಚಿ ಕಟ್ಟುವ ಕಲ್ಲಿನ ಮೆಟ್ಟಿಲುಗಳಿಗೆ ಕೈಪಿಡಿ ಹಾಕಿಸಿ. ಬಚ್ಚಲಿನ ನೆಲ ಜಾರದಂತೆ ನೋಡಿಕೊಳ್ಳಿ. ನುಂಗಲು ಕಷ್ಟವಾದರೆ ಕೂಡಲೆ ವೈದ್ಯರಿಗೆ ತಿಳಿಸಿ.

ಇನ್ನು ಮದುವೆಯ ಮಾತು. ಇದು ಅಂಟುರೋಗವಲ್ಲ. ಬಹುಪಾಲು ರೋಗಿಗಳಲ್ಲಿ ಇದು ವಂಶದಿಂದ ಬಂದುದೂ ಅಲ್ಲ. ಮೇಲೆ ಹೇಳಿದಂತಹ ಕುಟುಂಬಗಳು ವಿರಳ. ಅಜ್ಜನ ಕೈ ನಡುಗುವುದೆಂಬ ಕಾರಣಕ್ಕೆ ಮೊಮ್ಮಗಳ ಸಂಬಂಧವನ್ನು ಮುರಿಯುವುದು ಅನ್ಯಾಯ. ಹಾಗೆ ಮುರಿದೀತೆಂಬ ಭಯದಿಂದ ಅಜ್ಜನನ್ನು ವೈದ್ಯರಿಗೆ ತೋರಿಸದೆ ಒಳಕೋಣೆಯಲ್ಲಿ ಬಚ್ಚಿಡುವುದು ಇನ್ನೂ ದೊಡ್ಡ ಅನ್ಯಾಯ.

ಗಣಕಯಂತ್ರದ ಮುಂದೆ ಕುಳಿತವರು ಆ ಮೊದಲ ಗಂಟನ್ನು ಬಿಡಿಸುವ ದಾರಿಯನ್ನು ಹುಡುಕುತ್ತಿದ್ದಾರೆ. ಅದಕ್ಕೆ ಇನ್ನೂ ಕಾಲ ಹಿಡಿಯಬಹುದು. ಅದುವರೆಗೆ ನಿಮ್ಮ ಕೈಯಲ್ಲಿರುವ ಕೆಲಸ ಬೇರೆ. ಮುಂದಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಹಿಡಿಯಲು ಹಿರಿಯರ ಕೈ ನಡುಗಿದರೆ ನಗಬೇಡಿ, ಗದರಬೇಡಿ. ಆ ಕೈಯನ್ನು ಹಿಡಿದುಕೊಂಡು, ಹಬ್ಬ ಮುಗಿದ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.